ಟೊಮೇಟೊ ಹಣ್ಣಿನ ಗಾತ್ರದ ಗೊಂದಲ ಬಗೆಹರಿದದ್ದು ಹೀಗೆ

ಹಣ್ಣಿನ ಗಾತ್ರಕ್ಕೆ ಸಂಬಂಧಿಸಿದ ಒಂದು ಜೀನನ್ನು ಕ್ರಿಸ್ಪರ್ ಎಂಬ ಜೀನ್ ತಿದ್ದುವ ವಿಧಾನ ಬಳಸಿ ಕೆಲಸ ಮಾಡದಂತೆ ನಿಲ್ಲಿಸಿದ್ದ ಟೊಮೇಟೊ ಗಿಡಗಳು ನನ್ನನ್ನು ತುಂಬಾ ಕಾಡಿದವು. ಬದಲಾವಣೆ ಒಂದೇ. ಆದರೂ ಕೆಲವಕ್ಕೆ ದಪ್ಪ ಎಲೆ, ದೊಡ್ಡ ಹೂವು, ಹಣ್ಣಿನಲ್ಲಿ ಬೀಜ ತೀರಾ ಕಡಿಮೆ, ಉಳಿದವು ಮಾಮೂಲಿ. ಸೀಕ್ವೆನ್ಸ್, ಅಂದರೆ ಆ ಜೀನಿನ ಡಿಎನ್‌ಎ ಓದುವ ಪರೀಕ್ಷೆ, ಮತ್ತೆ ಮಾಡಿಸಿದರೂ ಎಲ್ಲಾ ಸರಿಯಾಗಿಯೇ ಇತ್ತು.

ಕಾರಣ ಆ ಜೀನಿನಲ್ಲಿ ಇರಲೇ ಇಲ್ಲ. ಗಿಡದೊಳಕ್ಕೆ ಜೀನ್ ಸಾಗಿಸುವ ಆಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಹಾಕಿದ ಬೀಜದಳದ ಚೂರುಗಳಿಂದ ಚಿಗುರು ಬರಿಸುವಾಗ ಕೆಲವು ಚಿಗುರುಗಳಲ್ಲಿ 24ರ ಬದಲು 48 ಕ್ರೋಮೋಸೋಮ್ ಇರುತ್ತವೆ, ಟೊಮೇಟೊದಲ್ಲಿ ಇದು ಅಪರೂಪವೇನಲ್ಲ, ಮತ್ತೆ ಅಂಥ ಗಿಡದ ಕೋಶಗಳೇ ದೊಡ್ಡದಾಗಿರುವುದರಿಂದ ಹಣ್ಣಿನ ಅಳತೆಯನ್ನು ನಂಬುವ ಹಾಗೇ ಇಲ್ಲ. ಬೀಜ ಕಡಿಮೆಯಾದರೂ ಹಣ್ಣಿನ ಬೆಳವಣಿಗೆ ಬದಲಾಗುತ್ತದೆ, ಅಲ್ವಾ?

ಈಗ ಕುಂಡಕ್ಕೆ ಹಾಕುವ ಮೊದಲೇ ಎಲೆಯ ಚೂರನ್ನು ಕೋಶದಲ್ಲಿ ಡಿಎನ್‌ಎ ಎಷ್ಟಿದೆ ಎಂದು ಅಳೆಯುವ ಫ್ಲೋ ಸೈಟೋಮೀಟರ್‌ನಲ್ಲಿ ನೋಡುತ್ತೇನೆ. ಆ ಯಂತ್ರ ಇಲ್ಲವೇ? ಎಲೆಯ ಕೆಳಗಿನ ಪೊರೆ ಸುಲಿದು, ಮೈಕ್ರೋಸ್ಕೋಪ್‌ನಲ್ಲಿ ಎಲೆಯ ಸಣ್ಣ ರಂಧ್ರಗಳ ಅಕ್ಕಪಕ್ಕದ ಕಾವಲು ಕೋಶಗಳಲ್ಲಿರುವ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳನ್ನು ಎಣಿಸಿ. ಕ್ರೋಮೋಸೋಮ್ ದುಪ್ಪಟ್ಟಾದ ಗಿಡದಲ್ಲಿ ಅವು ಸ್ಪಷ್ಟವಾಗಿ ಜಾಸ್ತಿ ಇರುತ್ತವೆ.

ಹೋಲಿಕೆಯನ್ನೂ ಬದಲಿಸಿದೆ. ಅಂಗಾಂಶ ಕೃಷಿಯಿಂದ ನೇರ ಬಂದ ಗಿಡವನ್ನು ಅಳೆಯುವುದಿಲ್ಲ. ಅದರ ಬೀಜದಿಂದ ಬಂದ ಪೀಳಿಗೆಯಲ್ಲಿ, ಬದಲಾವಣೆ ಇರುವ ಗಿಡವನ್ನು ಇಲ್ಲದ ಒಡಹುಟ್ಟಿನ ಜೊತೆಗೇ ಇಟ್ಟು ನೋಡುತ್ತೇನೆ, ಗೊಂಚಲಿಗೆ ಒಂದೇ ಸಂಖ್ಯೆಯ ಹಣ್ಣು ಉಳಿಸಿ. 2000ರಲ್ಲಿ ಗುರುತಿಸಿದ ಎಫ್‌ಡಬ್ಲ್ಯೂ2.2 ಎಂಬ ಹೆಸರಾಂತ ಜೀನ್ ಕೂಡ ಹಣ್ಣಿನ ತೂಕವನ್ನು ಹೆಚ್ಚೆಂದರೆ ಶೇ 30ರಷ್ಟು ಬದಲಿಸುತ್ತದೆ, ಅಷ್ಟು ವ್ಯತ್ಯಾಸ ಗೊಂಚಲಿನಲ್ಲಿ ಹಣ್ಣು ಹೆಚ್ಚುಕಡಿಮೆಯಾದರೇ ಮುಚ್ಚಿಹೋಗಬಹುದು. ಈ ಕ್ರಮದಲ್ಲಿ ಒಂದೇ ಬದಲಾವಣೆಯ ಗಿಡಗಳ ಅಳತೆ ಕೊನೆಗೂ ಹೊಂದಿಕೊಂಡಿತು.