ಅಟ್ಟದ ಮ್ಯಾಲಿನ ಹಳೀ ಕಂಪ್ಯೂಟರ್‌ದಾಗಿನ ಕನ್ನಡ ಫೈಲ್ ಹೊರಗ ತೆಗಿಯೂದು ಹೆಂಗ

ನಮ್ ಕಲಬುರಗಿ ಕಡಿ ಎಷ್ಟೋ ಮನ್ಯಾಗ ವಿಂಡೋಸ್ 98 ಕಾಲದ ಬಿಳಿ ಡಬ್ಬಾ ಇನ್ನೂ ಅಟ್ಟದ ಮ್ಯಾಲ ಬಿದ್ದದ. ಗುಜರಿಗೆ ಹಾಕೂಕಿಂತ ಮೊದಲ ಅದರಾಗ ಅಪ್ಪಾಜಿ ಟೈಪ್ ಮಾಡಿಟ್ಟ ಪತ್ರ, ಅಕ್ಕನ ಲಗ್ನಪತ್ರಿಕಿ ಏನೇನ್ ಅವ ತಕ್ಕೊಂಡ್ ಬಿಡ್ರಿ.

ಮೊದಲ, ಸ್ವಿಚ್ ಒತ್ತಬ್ಯಾಡ್ರಿ. ವರ್ಷಾನುಗಟ್ಲೆ ಧೂಳಾಗ, ನಮ್ ಬ್ಯಾಸಗಿ ಕಾವಿನಾಗ ಬಿದ್ದ ಪವರ್ ಸಪ್ಲೈಗೆ ಒಮ್ಮಿಗೇ ಕರೆಂಟ್ ಕೊಟ್ರ ಕೆಪಾಸಿಟರ್ ಢಬ್ ಅಂದು ಅದರ ಜೋಡಿ ಡಿಸ್ಕೂ ಹೋಗಬಹುದು. ಮಾನಿಟರ್ ಅಂತೂ ಬಿಚ್ಚಲೇಬ್ಯಾಡ್ರಿ, ಪ್ಲಗ್ ಕಿತ್ತಿದ ಮ್ಯಾಲೂ ಪಿಕ್ಚರ್ ಟ್ಯೂಬ್‌ದಾಗ ಸಾವಿರಾರು ವೋಲ್ಟ್ ಉಳದಿರಬಹುದು. ನಮಗ ಬೇಕಾಗಿದ್ದು ಹಾರ್ಡ್‌ಡಿಸ್ಕ್ ಅಷ್ಟೇ.

ಡಬ್ಬಾದ ಬಾಜೂಕಿನ ತಗಡು ಬಿಚ್ಚಿ ಅದನ್ನ ತಗೀರಿ, ಅಗಲ ಪಟ್ಟಿ ಕೇಬಲ್, 40 ಪಿನ್ ಇದ್ರ ಅದು ಐಡಿಇ, ಅಂದ್ರ ಡಿಸ್ಕ್ ಜೋಡಸೂ ಹಳೀ ನಮೂನಿ. ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ರಿಪೇರಿ ಅಂಗಡ್ಯಾಗ ಆ ಡಿಸ್ಕ್ ಈಗಿನ ಕಂಪ್ಯೂಟರ್‌ಗೆ ಹಚ್ಚೂ ‘ಐಡಿಇ ಟು ಯುಎಸ್‌ಬಿ’ ಕೇಬಲ್ ಕೇಳಿ ನೋಡ್ರಿ, ಇಲ್ಲಾಂದ್ರ ಆನ್‌ಲೈನ್ ಅದೇ ಅದ. ಪವರ್ ಅಡಾಪ್ಟರ್ ಜೋಡಿ ಬರೂದೇ ತಗೋರಿ, ಯಾಕಂದ್ರ ಆ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡೂದು 5. ಡಿಸ್ಕಿನ ಹಿಂದ ಪಿನ್ ಮ್ಯಾಲ ಕೂತ ಸಣ್ಣ ಕ್ಲಿಪ್, ಅಂದ್ರ ಜಂಪರ್, ಅದನ್ನ ‘ಮಾಸ್ಟರ್’ ಜಾಗಕ್ಕ ಇಡ್ರಿ. ಹಚ್ಚಿದಾಗ ಕಂಪ್ಯೂಟರ್ ಫಾರ್ಮ್ಯಾಟ್ ಮಾಡ್ಲಾ, ಅಂದ್ರ ಎಲ್ಲಾ ಅಳಸ್ಲಾ, ಅಂತ ಕೇಳಿದ್ರ ಬ್ಯಾಡ ಅನ್ರಿ! ಆಮ್ಯಾಲ ಆರಿಸಕೋತ ಕೂಡದೆ ಇಡೀ ಡಿಸ್ಕ್ ಕಾಪಿ ಹೊಡೀರಿ, ಆಗಿನ 4 ಜಿಬಿ ಅಂದ್ರ ಈಗ ಪೆನ್‌ಡ್ರೈವ್‌ದ ಒಂದ್ ಮೂಲಿ.

ಫ್ಲಾಪಿ ಇದ್ರ ಯುಎಸ್‌ಬಿ ಫ್ಲಾಪಿ ಡ್ರೈವ್ ಬೇಕು. ಬೂಷ್ಟು ಹಿಡಿದಿದ್ದು ಹಾಕಬ್ಯಾಡ್ರಿ, ಡ್ರೈವಿನ ಓದೂ ಹೆಡ್ ಹೊಲಸಾಗಿ ಮುಂದ ಹಾಕೂ ಫ್ಲಾಪೀನೂ ಕೆಡ್ತದ.

ಖರೇ ಕೆಲಸ ಈಗ ಅದ ನೋಡ್ರಿ. ಫೈಲ್ ತೆಗದ್ರ ಕನ್ನಡ ಇರಂಗಿಲ್ಲ, ಇಂಗ್ಲಿಷ್ ಅಕ್ಷರಕ್ಕ ಕೊಂಬು ಬಾಲ ಹಚ್ಚಿದಂಗ ಕಾಣ್ತದ. ಫೈಲ್ ಕೆಟ್ಟದ ಅಂತ ಡಿಲೀಟ್ ಮಾಡಬ್ಯಾಡ್ರಿ ಮತ್ತ! ಯುನಿಕೋಡ್ (ಈಗಿನ ಫೋನ್, ಕಂಪ್ಯೂಟರ್‌ದಾಗ ನಡಿಯೂ ಅಕ್ಷರ ಪದ್ಧತಿ) ಎಲ್ಲಾ ಕಡಿ ಬರೂಕಿಂತ ಮೊದಲ ನುಡಿ, ಬರಹದಂಥ ಸಾಫ್ಟ್‌ವೇರ್‌ದಾಗ ಇಂಗ್ಲಿಷ್ ಅಕ್ಷರದ ಜಾಗದಾಗೇ ಕನ್ನಡ ಆಕಾರ ಕೂಡಿಸಿದ್ರು, ಆ ಫಾಂಟ್ ಹಾಕಿದ್ರ ಓದಾಕ ಬರ್ತದ, ಆದ್ರ ಹುಡುಕಾಕ ಬರಂಗಿಲ್ಲ, ವಾಟ್ಸಾಪ್‌ದಾಗ ಕಳಸಾಕೂ ಬರಂಗಿಲ್ಲ. ಅದಕ್ಕ ನುಡಿ ಕನ್ವರ್ಟರ್‌ದಾಗ ಆಸ್ಕಿಯಿಂದ (ಆ ಹಳೀ ಪದ್ಧತಿಗೆ ಹಂಗ ಅಂತಾರ) ಯುನಿಕೋಡ್‌ಗೆ ಬದಲಸ್ರಿ. ನಡು ನಡುವ ಇಂಗ್ಲಿಷ್ ಶಬ್ದ ಇದ್ರ ಅವನ್ನ ಬಿಟ್ಟು ಬದಲಸ್ರಿ, ಇಲ್ಲಾಂದ್ರ ಅವೂ ಕನ್ನಡ ಆಗಿ ಗೊಂದಲ ಆಗ್ತದ. ಅರ್ಕಾವತ್ತು, ಒತ್ತಕ್ಷರ ಎಡವಿರ್ತಾವ, ಒಮ್ಮೆ ಕೂತು ಓದ್ರಿ. ಹಳೀ ಫೈಲ್ ಹಂಗೇ ಇಟಗೋರಿ, ಮುಂದ ಯಾವುದರೆ ಹೆಸರಿನ ಮ್ಯಾಲ ಅನುಮಾನ ಬಂದ್ರ ಅದನ್ನೇ ತೆಗದು ನೋಡಬೇಕಾಗ್ತದ.