ಕಂಪ್ಯೂಟರ್ ಕುದುರೆ ರೇಸ್: ಮೂರನೇ ವರ್ಷ ಲೆಕ್ಕ ಕೂಡಿತು

ಈ ಸಲದ ಕೈಲ್‌ಪೊಳ್ದ್ (ಕೊಡಗಿನ ಆಯುಧಪೂಜೆ ಹಬ್ಬ) ಸಂಜೆ ನಮ್ಮೂರ ಹಾಲ್‌ನಲ್ಲಿ ಪರದೆ ಮೇಲೆ ಕಂಪ್ಯೂಟರ್ ಕುದುರೆಗಳ ಹನ್ನೆರಡು ರೇಸ್ ಓಡಿಸಿದೆ. ಒಂದು ಕೂಪನ್ ಲೆಕ್ಕವೂ ತಪ್ಪಲಿಲ್ಲ. "ಇದನ್ನ ಬಿಟ್ಟು ತಂಬೋಲ ಆಡಿಸು ಮಾರಾಯ" ಅಂತ ಎರಡು ವರ್ಷದಿಂದ ಹೇಳುತ್ತಿದ್ದ ಬಾವನೇ ಕೊನೇ ರೇಸಿಗೆ ಕುರ್ಚಿ ಮೇಲೆ ಹತ್ತಿ ಕೂಗುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಇದರ ಹುಚ್ಚು ಹಿಡಿದದ್ದು 2020ರ ಏಪ್ರಿಲ್‌ನಲ್ಲಿ. ಕೊರೊನಾದಿಂದ ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ ರೇಸ್ ನಿಂತುಹೋಗಿ, ಅದರ ಬದಲು ಕಂಪ್ಯೂಟರ್ ರೇಸನ್ನೇ ಟಿವಿಯಲ್ಲಿ ತೋರಿಸಿದರು. ಜನ ಅದಕ್ಕೂ ಬೆಟ್ ಕಟ್ಟಿದರು. 18ಕ್ಕೆ 1ರ (ಒಂದು ಕಟ್ಟಿದರೆ ಹದಿನೆಂಟು ಲಾಭ) ರೇಟಿನ ಪಾಟರ್ಸ್ ಕಾರ್ನರ್ ಕುದುರೆ ಗೆದ್ದಿತು, ಬುಕ್ಕಿಗಳು ಲಾಭವನ್ನು ಆಸ್ಪತ್ರೆ ಸಿಬ್ಬಂದಿಯ ನಿಧಿಗೆ ಕೊಟ್ಟರು. ತೋಟದ ಮನೆಯಲ್ಲಿ ಸುಮ್ನೆ ಕೂತಿದ್ದ ನನಗೆ, ಇದನ್ನು ನಾವೂ ಮಾಡಬಹುದಲ್ವಾ ಅನ್ನಿಸಿತು.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕುದುರೆ ರೇಸ್ ಜಾಣ್ಮೆಯ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ. ಅದು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಓಡುವ ನಿಜವಾದ ಕುದುರೆಗೆ. ನನ್ನ ಕುದುರೆಗೆ ಜಾಕಿಯೂ ಇಲ್ಲ, ತರಬೇತಿಯೂ ಇಲ್ಲ, ಪೂರ್ತಿ ಅದೃಷ್ಟ. ಅದಕ್ಕೆ ದುಡ್ಡು ಕಟ್ಟಿಸಿದರೆ ಜೂಜೇ. ಹಾಗಾಗಿ ಬಂದವರಿಗೆಲ್ಲ ತಲೆಗೆ 25 ಕೂಪನ್ ಪುಕ್ಕಟೆ. ಬಹುಮಾನದ ಖರ್ಚು ನನ್ನದು.

ಮೊದಲ ವರ್ಷ ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿದ್ದೆ. ರ‍್ಯಾಂಡ್ ಫಂಕ್ಷನ್ (ಅದೃಷ್ಟದ ಸಂಖ್ಯೆ ಎತ್ತಿಕೊಡುವ ಸೂತ್ರ) ಹಾಕಿ ಎಂಟು ಕುದುರೆ ಓಡಿಸಿದೆ. ಗೆರೆ ಮೊದಲು ದಾಟಿದ್ದು ಕಾಚಂಪುಳಿ ಅನ್ನುವ ಕುದುರೆ. ಚಪ್ಪಾಳೆ ಬಿತ್ತು. ನಾನು ಪಕ್ಕದ ಖಾನೆಯಲ್ಲಿ ಯಾರದೋ ಹನ್ನೆರಡು ಕೂಪನ್ ಬರೆದು ಎಂಟರ್ ಒತ್ತಿದೆ. ಪರದೆ ಮೇಲೆ ಗೆದ್ದ ಕುದುರೆ ಬೈನೆ ಆಗಿಬಿಟ್ಟಿತು! ಯಾವ ಖಾನೆ ಮುಟ್ಟಿದರೂ ರ‍್ಯಾಂಡ್ ಹೊಸ ಸಂಖ್ಯೆ ಹಾಕುತ್ತೆ, ಗೊತ್ತಿದ್ದೂ ಮರೆತಿದ್ದೆ. ಬೈನೆಗೆ ನಾನೇ 1ಕ್ಕೆ 20 ಅಂತ ರೇಟ್ ಬರೆದಿದ್ದೆ. ಅದರ ಮೇಲೆ ನಲವತ್ತು ಕೂಪನ್ ಇತ್ತು, ಅಂದರೆ ಎಂಟುನೂರು ಕೊಡಬೇಕು. 30 ಕೂಪನ್‌ಗೆ ಕಾಲು ಕೆಜಿ ಕಾಫಿಪುಡಿ ಅಂತ ಹೇಳಿಯಾಗಿತ್ತು. ಜಗಳ ಬೇಡ ಅಂತ ಎರಡೂ ಕುದುರೆಯವರಿಗೆ ಕೊಟ್ಟೆ. ತಂದಿದ್ದ ಪುಡಿ ಸಾಲದೆ ಮರುದಿನ ಗೋಣಿಕೊಪ್ಪಕ್ಕೆ ಹೋಗಿ ತಂದೆ. ಆರು ಸಾವಿರದ ಹತ್ತಿರ ಕೈಬಿಟ್ಟಿತು.

ಎರಡನೇ ವರ್ಷ ಕಕ್ಕಡ ತಿಂಗಳ ಮಳೆಯಲ್ಲಿ ತೋಟಕ್ಕೆ ಇಳಿಯಲು ಆಗದ ದಿನಗಳಲ್ಲಿ ಕೂತು ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆದೆ. ಒಂದು ರೇಸಿಗೆ 300 ಹೆಜ್ಜೆ, ಪ್ರತಿ ಹೆಜ್ಜೆಗೂ ಕುದುರೆಯ ಮೂಲ ವೇಗ, ಜೊತೆಗೆ ಒಂದಿಷ್ಟು ಏರುಪೇರು. ನೋಡಲು ಬಹಳ ಚೆನ್ನಾಗಿತ್ತು. ಆದರೆ ತಡಿಯಂಡಮೋಳ್ ಹತ್ತರಲ್ಲಿ ಒಂಬತ್ತು ಸಲ ಗೆಲ್ಲುತ್ತಿತ್ತು. ನಾಲ್ಕನೇ ರೇಸಿಗೆ ಇಡೀ ಹಾಲ್ ಅದಕ್ಕೇ ಕಟ್ಟಿತು. ರೇಟ್ ನಾನೇ ಬರೆದದ್ದು, ಮತ್ತೆ ನಾಲ್ಕು ಸಾವಿರ ಹೋಯಿತು.

ಕಾರಣ ಹುಡುಕಲು ತಿಂಗಳು ಹಿಡಿಯಿತು. 300 ಹೆಜ್ಜೆಯ ಏರುಪೇರು ಒಂದಕ್ಕೊಂದು ಹೊಡೆದುಹೋಗುತ್ತೆ, ಕೊನೆಗೆ ಉಳಿಯುವುದು ಮೂಲ ವೇಗದ ವ್ಯತ್ಯಾಸ ಮಾತ್ರ. ಅದಕ್ಕೆ ಪ್ರತಿ ರೇಸಿನ ಮೊದಲು ಪ್ರತಿ ಕುದುರೆಗೂ 'ಇವತ್ತಿನ ಮೈ' ಅಂತ ಒಂದೇ ಒಂದು ಸಂಖ್ಯೆ ಎತ್ತಿ, ಅದನ್ನು ರೇಸ್ ಮುಗಿಯುವವರೆಗೂ ಹಾಗೇ ಇಟ್ಟೆ. ಹತ್ತು ಸಾವಿರ ಸಲ ಓಡಿಸಿ ನೋಡಿ ಅದರ ಅಳತೆ ತಿದ್ದಿದೆ. ಈಗ ಫೇವರಿಟ್, ಅಂದರೆ ಗೆಲ್ಲುತ್ತೆ ಅಂತ ಹೆಚ್ಚು ಜನ ನಂಬುವ ಕುದುರೆ, ಮೂರರಲ್ಲಿ ಒಂದು ಸಲದಷ್ಟು ಗೆಲ್ಲುತ್ತೆ, ನಿಜವಾದ ರೇಸಿನಲ್ಲೂ ಹೆಚ್ಚುಕಮ್ಮಿ ಅಷ್ಟೇ.

ಇನ್ನೊಂದು, ರೇಟ್ ಬರೆಯುವುದನ್ನೇ ಬಿಟ್ಟೆ. ಪೂರ್ತಿ ಟೋಟ್, ಅಂದರೆ ಎಲ್ಲರೂ ಕಟ್ಟಿದ್ದನ್ನು ಒಂದೇ ಗಂಟು ಮಾಡಿ ಗೆದ್ದ ಕುದುರೆಯವರಿಗೆ ಹಂಚುವುದು. "ಎಷ್ಟು ಸಿಗುತ್ತೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಯಾರು ಕಟ್ಟುತ್ತಾರೆ?" ಅಂದರು ಬಾವ. ಕಟ್ಟಿದರು, ಜಾಸ್ತಿಯೇ ಕಟ್ಟಿದರು. ಒಂದು ರೇಸಿಗೆ 410 ಕೂಪನ್ ಬಿತ್ತು ಅನ್ನಿ. ಹತ್ತು ಪರ್ಸೆಂಟ್ ತೆಗೆದರೆ 369. ಗೆದ್ದ ಕುದುರೆ ಮೇಲೆ 45 ಇದ್ದರೆ ಕೂಪನ್‌ಗೆ ಎಂಟು. ಚಿಲ್ಲರೆ ಒಂಬತ್ತೂ, ತೆಗೆದ 41ಊ ಮುಂದಿನ ರೇಸಿನ ಗಂಟಿಗೆ. ಯಾವ ಕುದುರೆ ಗೆದ್ದರೂ ನನ್ನ ಕೈಯಿಂದ ಒಂದು ಕೂಪನ್ ಹೋಗಲ್ಲ. ಕೊನೆಗೆ ಜಾಸ್ತಿ ಕೂಪನ್ ಇರುವ ಹತ್ತು ಜನಕ್ಕೆ ಮಾತ್ರ ಬಹುಮಾನ: ಮನೆಯ ಕರಿಮೆಣಸು, ಜೇನು, ಕಾಫಿಪುಡಿ. ಈ ವರ್ಷ ಪ್ರೊಜೆಕ್ಟರ್ ಬಾಡಿಗೆಯೂ ಸೇರಿ ನಾಲ್ಕೂವರೆ ಸಾವಿರ ದಾಟಲಿಲ್ಲ.

ಜನ ಗೆಲ್ಲುವ ಸಾಧ್ಯತೆ ಕಮ್ಮಿ ಇರುವ ಕುದುರೆಗೆ ಬೇಕಾದ್ದಕ್ಕಿಂತ ಜಾಸ್ತಿ ಕಟ್ಟುತ್ತಾರೆ, ದೊಡ್ಡ ಮೊತ್ತದ ಆಸೆ. ಹಾಗಾಗಿ ಫೇವರಿಟ್‌ಗೆ ಸಿಗುವುದು ಸ್ವಲ್ಪ ಧಾರಾಳವಾಗಿರುತ್ತೆ. ಇದನ್ನು ನೋಡಲೆಂದೇ ನನ್ನ ತಂಗಿ ಮಗನಿಗೆ ಪ್ರತಿ ರೇಸಿನಲ್ಲೂ ಫೇವರಿಟ್‌ಗೇ ಎರಡೆರಡು ಕೂಪನ್ ಕಟ್ಟಲು ಹೇಳಿದ್ದೆ. 25 ಹಿಡಿದು ಹೋದವನು 33ರ ಹತ್ತಿರ ತಂದ.

ನಡುವೆ ಇದೇ ಪ್ರೋಗ್ರಾಮನ್ನು ಮನೆತನಗಳು ತಂಡ ಕಟ್ಟಿ ಆಡುವ ಕೊಡವ ಹಾಕಿಗೂ ಹಚ್ಚಿ ನೋಡಿದೆ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡ. ನಾಕೌಟ್ ಅಂದರೆ 359 ಪಂದ್ಯ. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ. ಆದರೆ ಯಾವ ಮನೆಯವರಿಗೆ ಎಷ್ಟು ಬಲ ಅಂತ ನಾನು ಅಂಕಿ ಬರೆದರೆ ಊರಲ್ಲಿ ಓಡಾಡುವುದು ಕಷ್ಟ. ಅಲ್ಲಿಗೇ ಬಿಟ್ಟೆ.

ಕೊನೆಯ ನೂರು ಮೀಟರ್‌ನಲ್ಲಿ ಎಂಟೂ ಕುದುರೆ ಒಂದೇ ಗುಂಪಾಗಿ ನುಗ್ಗುವ ಹಾಗೆ ತೋರಿಸುವುದಕ್ಕೆ ಒಂದು ಉಪಾಯ ಮಾಡಿದ್ದೇನೆ. ಗೆಲ್ಲುವ ಕುದುರೆ ಬದಲಾಗಲ್ಲ, ನೋಟ ಮಾತ್ರ ಬದಲಾಗುತ್ತೆ. ಎರಡು ವರ್ಷದ ದುಡಿಮೆ ಅದು, ಅದನ್ನು ಮಾತ್ರ ಇಲ್ಲಿ ಬರೆಯಲ್ಲ.

ಸೀಡ್ ವಿಷಯ ಹೇಳುತ್ತೇನೆ, ಎಲ್ಲರೂ ಮಾಡಲಿ. ಸೀಡ್ ಅಂದರೆ ಪ್ರೋಗ್ರಾಮ್ ಅದೃಷ್ಟದ ಸಂಖ್ಯೆಗಳನ್ನು ಎತ್ತಲು ಶುರು ಮಾಡುವ ಅಂಕಿ, ಅದೇ ಸೀಡ್ ಕೊಟ್ಟರೆ ಅದೇ ರೇಸ್ ಮತ್ತೆ ಓಡುತ್ತೆ. "ನೀನೇ ಗೆಲ್ಲಿಸುತ್ತೀಯ" ಅನ್ನುವ ಮಾತು ಬಂದೇ ಬರುತ್ತೆ. ಬೆಟ್ ಮುಗಿದ ಮೇಲೆ ಒಂದು ಮಗುವಿನ ಕೈಯಲ್ಲಿ ದಾಳ ಆರು ಸಲ ಹಾಕಿಸಿ, ಆ ಆರು ಅಂಕಿಯನ್ನೇ ಸೀಡ್ ಮಾಡಿದೆ. ಬೋರ್ಡ್ ಮೇಲೂ ಬರೆದೆ. ಒಂಬತ್ತನೇ ರೇಸ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಲ್ಯಾಪ್‌ಟಾಪ್‌ನ ಹಳೇ ಬ್ಯಾಟರಿಯೂ ಆರಿಹೋಯಿತು. ಇನ್ವರ್ಟರ್‌ಗೆ ಸಿಕ್ಕಿಸಿ ಮತ್ತೆ ಶುರು ಮಾಡುವ ಹೊತ್ತಿಗೆ "ಈಗ ಬೇರೆ ಕುದುರೆ ಬರುತ್ತೆ ನೋಡು" ಅಂತ ಹಿಂದಿನ ಸಾಲಿನಿಂದ ಒಬ್ಬರು ಅಂದರು. ಬೋರ್ಡ್ ನೋಡಿಕೊಂಡು ಅದೇ ಅಂಕಿ ಹೊಡೆದೆ: 4, 1, 6, 6, 2, 3. ಮೊದಲ ತಿರುವಿನಲ್ಲಿ ಮಂದಲ್‌ಪಟ್ಟಿ ಮುಂದೆ, ಆಗಿನ ಹಾಗೇ. ಎರಡನೇ ತಿರುವಿನಲ್ಲಿ ಕಾಚಂಪುಳಿ ಒಳಗಿನಿಂದ ಬಂತು, ಆಗಿನ ಹಾಗೇ. ಪರದೆ ಆರಿದ್ದ ಜಾಗ ಬಂದಾಗ ಹಾಲ್‌ನಲ್ಲಿ ಸದ್ದೇ ಇರಲಿಲ್ಲ. ಆಮೇಲೆ ಬೈನೆ ಹೊರಗಿನಿಂದ ಹೊರಟಿತು.