ಆರನೇ ಬೆಡ್‌ನ ಬಿಪಿ ಪಟ್ಟಿ

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಇನ್‌ಫೆಕ್ಷನ್ ಕಂಟ್ರೋಲ್ ನರ್ಸ್. ಒಂದು ಜೂನ್‌ನಲ್ಲಿ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ಐಸಿಯುವಿನಿಂದ ಹತ್ತು ದಿನದೊಳಗೆ ಮೂರು ರಿಪೋರ್ಟ್ ಬಂದವು. ಮೂವರೂ ವೆಂಟಿಲೇಟರ್‌ನಲ್ಲಿದ್ದವರು. ಮೂವರ ಕಫದಲ್ಲೂ ಅಸಿನೆಟೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ. ಆಂಟಿಬಯೋಟಿಕ್‌ಗಳ ಸಾಲಿನಲ್ಲಿ ಮೆರೊಪೆನೆಮ್ ಮುಂದೆ ‘ಆರ್’, ಅಮಿಕಾಸಿನ್ ಮುಂದೆ ‘ಆರ್’. ಆರ್ ಅಂದರೆ ರೆಸಿಸ್ಟೆಂಟ್, ಮದ್ದು ನಾಟುವುದಿಲ್ಲ.

ಲ್ಯಾಬಿಗೆ ಹೋಗಿ ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟ್ ನೋಡಿದೆ. ಮದ್ದಿನ ಬಿಲ್ಲೆಯ ಸುತ್ತ ಖಾಲಿ ಉಂಗುರ ಬೀಳಬೇಕು. ಇಲ್ಲಿ ಬಿಲ್ಲೆಯ ಅಂಚಿಗೇ ತಾಗಿಕೊಂಡು ಬ್ಯಾಕ್ಟೀರಿಯಾ ಬೆಳೆದಿತ್ತು. ಡಾಕ್ಟರ್ ಕೊಲಿಸ್ಟಿನ್ ಶುರು ಮಾಡಿದರು. ಕಿಡ್ನಿಗೆ ಹೊಡೆತ ಅಂತ ಹಿಂದೆ ಪಕ್ಕಕ್ಕಿಟ್ಟಿದ್ದ ಹಳೇ ಮದ್ದು ಅದು. ಬೇರೆ ದಾರಿ ಇರಲಿಲ್ಲ.

ಮೊದಲು ನನಗೆ ಅನುಮಾನ ಬಂದದ್ದು ವೆಂಟಿಲೇಟರ್ ಪೈಪ್ ಮತ್ತು ಸಿಂಕಿನ ಮೇಲೆ. ಹತ್ತಿಕಡ್ಡಿಯಿಂದ ಒರೆಸಿ ಸ್ವಾಬ್ ತೆಗೆದು ಪರೀಕ್ಷಿಸಿದೆವು, ಏನೂ ಸಿಗಲಿಲ್ಲ. ಆಮೇಲೆ ಎರಡು ಮಧ್ಯಾಹ್ನ ಮೂಲೆಯಲ್ಲಿ ಸ್ಟೂಲ್ ಹಾಕಿ ಸುಮ್ನೆ ಕೂತೆ. ರೋಗಿಯ ಕಡೆಯವರೊಬ್ಬರು ಕೇಳಿಯೇ ಬಿಟ್ಟರು, “ನಿಮಗೆ ಕೆಲಸ ಇಲ್ವಾ ಮಾರಾಯ್ರೇ?”

ನಮ್ಮವರು ಕೈ ತೊಳೆಯುವುದರಲ್ಲಿ ತಪ್ಪಿರಲಿಲ್ಲ. ತೊಂದರೆ ಗ್ಲೌಸ್‌ನದ್ದು. ಅದನ್ನು ಹಾಕಿದ ಮೇಲೆ ಒಂಥರಾ ಧೈರ್ಯ ಬರುತ್ತದೆ, ಅಲ್ವಾ? ರೋಗಿಯನ್ನು ಮುಟ್ಟಿದ ಗ್ಲೌಸ್‌ನಲ್ಲೇ ಮಾನಿಟರ್ ಗುಂಡಿ, ಫೈಲು, ಪೆನ್ನು. ಜೊತೆಗೆ ಬಿಪಿ ನೋಡಲು ತೋಳಿಗೆ ಸುತ್ತುವ ಬಟ್ಟೆಯ ಒಂದೇ ಪಟ್ಟಿ ಬೆಡ್‌ನಿಂದ ಬೆಡ್‌ಗೆ ಓಡಾಡುತ್ತಿತ್ತು. ಈ ಬ್ಯಾಕ್ಟೀರಿಯಾ ಒಣ ಜಾಗದಲ್ಲೂ ವಾರಗಟ್ಟಲೆ ಬದುಕಬಲ್ಲದು.

ಪಟ್ಟಿಯ ಸ್ವಾಬಿನಲ್ಲಿ ಅದೇ ಬೆಳೆಯಿತು, ಅದೇ ‘ಆರ್’ಗಳ ಸಾಲು. ಒಂದೇ ತಳಿ ಅಂತ ಖಚಿತವಾಗಿ ಹೇಳಲು ಜೀನ್ ಪರೀಕ್ಷೆ ಬೇಕು. ಅಲ್ಲಿಯವರೆಗೆ ಕಾಯುವ ಪೈಕಿ ನಾನಲ್ಲ.

ಪ್ರತಿ ಬೆಡ್‌ಗೂ ಒಂದೊಂದು ಪಟ್ಟಿ ಬೇಕೆಂದೆ. ಸ್ಟೋರಿನವರು “ಹನ್ನೆರಡು ಎಂತಕ್ಕೆ ಸಿಸ್ಟರ್?” ಅಂದರು. ಒಬ್ಬ ರೋಗಿಯ ಮದ್ದಿನ ಬಿಲ್ ಅವರ ಮೇಜಿನ ಮೇಲಿಟ್ಟೆ. ಮರುದಿನವೇ ಪಟ್ಟಿಗಳು ಬಂದವು. ಟೇಪ್ ಅಂಟಿಸಿ ಬೆಡ್ ನಂಬರ್ ಬರೆದೆವು. ಹ್ಯಾಂಡ್‌ರಬ್ ಬಾಟಲಿಯನ್ನು ಬಾಗಿಲಿನಿಂದ ತೆಗೆದು ಪ್ರತಿ ಮಂಚದ ಕಾಲಬುಡಕ್ಕೆ ತೂಗುಹಾಕಿದೆವು. ಗ್ಲೌಸ್ ಕಳಚಿದ ಮೇಲೂ ಕೈ ಉಜ್ಜಿಕೊಳ್ಳಬೇಕು ಅನ್ನುವುದನ್ನು ಒಪ್ಪಿಸಲಿಕ್ಕೇ ಜಾಸ್ತಿ ದಿನ ಹಿಡಿಯಿತು.

ಮೂವರಲ್ಲಿ ಇಬ್ಬರು ಮನೆಗೆ ಹೋದರು. ಜುಲೈಯಲ್ಲಿ ಹೊಸದಾಗಿ ಒಂದು ರಿಪೋರ್ಟ್ ಬಂತು, ಆಮೇಲೆ ಎರಡು ತಿಂಗಳು ಬರಲಿಲ್ಲ. ಆದರೆ ಮೊನ್ನೆ ರೌಂಡ್ಸ್‌ನಲ್ಲಿ ಆರನೇ ಬೆಡ್‌ನ ಪಟ್ಟಿ ಒಂಬತ್ತನೇ ಬೆಡ್‌ನ ರೋಗಿಯ ತೋಳಿನಲ್ಲಿತ್ತು.